ಸದ್ದನ್ನೂ ಬರೆದ ಚಿತ್ರಕಾರ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ನಮ್ಮ ತಂದೆ ಅಲ್ಲಿಯೇ ದುಡಿದವರು. ಚಿಕ್ಕಂದಿನಲ್ಲಿ ನಾನು ಜಾವಾ ಗಾಡಿಯ ಚಿತ್ರ ಬರೆದು ತೋರಿಸಿದರೆ, ಬಣ್ಣ ಚೆನ್ನಾಗಿದೆ ಎನ್ನುವ ಮೊದಲೇ ಎಂಜಿನ್ನಿನ ಎಡಗಡೆ ಬೆರಳಿಟ್ಟು, "ಕಿಕ್ಕರ್ ಎಲ್ಲೋ? ನಮ್ಮ ಗಾಡೀಲಿ ಕಿಕ್ಕರೇ ಗೇರು, ಅದನ್ನೇ ಬಿಟ್ರೆ ಹೆಂಗೆ?" ಎಂದು ಕೇಳುತ್ತಿದ್ದರು. ಗೋಕುಲಂನಲ್ಲಿ ಯೋಗ ಕಲಿಯಲು ಬಂದಿದ್ದ ಫ್ರೆಂಚ್ ಮಹಿಳೆಯೊಬ್ಬರು ಊರಿಗೆ ಮರಳುವಾಗ ಬಾಡಿಗೆ ಮನೆಯಲ್ಲಿ ಬಿಟ್ಟುಹೋದ ಪುಸ್ತಕಗಳ ಕಟ್ಟಿನಲ್ಲಿ ಜಾಂ ಗ್ರಾತೋಂ ಅವರ ಕಾಮಿಕ್ಸ್ ಒಂದು ಸಿಕ್ಕಾಗ, ನನಗೆ ಮೊದಲು ನೆನಪಾದದ್ದು ಆ ಬೆರಳು.

ಗ್ರಾತೋಂ ಹುಟ್ಟಿದ್ದು 1923ರ ಆಗಸ್ಟ್ 10ರಂದು, ಫ್ರಾನ್ಸಿನ ನಾಂತ್ ನಗರದಲ್ಲಿ. ಲ ಮಾನ್ಸ್ ಊರಿನ 24 ಗಂಟೆಗಳ ಕಾರ್ ಓಟ ಮೊದಲ ಬಾರಿಗೆ ನಡೆದದ್ದೂ ಅದೇ ವರ್ಷದ ಮೇ ತಿಂಗಳಿನಲ್ಲಿ; ಆ ಓಟವನ್ನು ತೋರಿಸಲು ತಂದೆ ಬಾಲಕನನ್ನು ಕರೆದೊಯ್ಯುತ್ತಿದ್ದರು. 1947ರಲ್ಲಿ ಬ್ರಸೆಲ್ಸ್ ಸೇರಿದ ಗ್ರಾತೋಂ ಮೊದಲು ಜಾಹೀರಾತಿಗೆ, ಆಮೇಲೆ ಮಕ್ಕಳ ವಾರಪತ್ರಿಕೆಗಳಿಗೆ ಚಿತ್ರ ಬರೆದರು. 1957ರಲ್ಲಿ ‘ಟಿನ್‌ಟಿನ್’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಮಿಶೆಲ್ ವಯಾಂ ಎಂಬ ರೇಸ್ ಚಾಲಕ ಅವರ ಇಡೀ ಬಾಳಿನ ಕೆಲಸವಾದ.

ನಾಯಕ ಅತಿ ಸಜ್ಜನನೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಅವನ ಹಿಂದೆ ತಂದೆಯಿದ್ದಾರೆ, ಅಣ್ಣನಿದ್ದಾನೆ, ಮನೆತನದ ಕಾರ್ಖಾನೆಯಿದೆ. ಗೆಲುವು ಒಬ್ಬನದಲ್ಲ, ರಾತ್ರಿಯೆಲ್ಲ ಸ್ಪ್ಯಾನರ್ ಹಿಡಿದು ಕುಳಿತವರದೂ ಹೌದು ಎಂಬುದು ಕಾರ್ಮಿಕನ ಮಗನಾದ ನನಗೆ ಸಣ್ಣ ಸಂಗತಿಯಲ್ಲ. ಫ್ರೆಂಚ್ ಬಾರದ ನಾನು ಒಂದೇ ಪುಟದ ಮುಂದೆ ಅರ್ಧ ತಾಸು ಕುಳಿತದ್ದುಂಟು. ಕಾರು ತಿರುವಿನಲ್ಲಿ ವಾಲಿದೆ, ಹಿಂದಿನ ಜನಸಂದಣಿ ಬರಿಯ ಗೆರೆಗಳಾಗಿ ಕರಗಿದೆ, ‘ವ್ರೂವಾರ್’ ಎಂಬ ದಪ್ಪ ಅಕ್ಷರಗಳು ರಸ್ತೆಯೊಡನೆಯೇ ಬಾಗಿ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಓಡುತ್ತವೆ. ಎಂಜಿನ್ನಿನ ಸದ್ದು ಅಲ್ಲಿ ಚಿತ್ರಕ್ಕೆ ಅಂಟಿಸಿದ ಮಾತಲ್ಲ, ಚಿತ್ರದ್ದೇ ಒಂದು ಅಂಗ. ಓಟದ ಕಣಗಳಿಗೆ ಸ್ವತಃ ಹೋಗಿ ನೋಡಿ ಬರೆಯುತ್ತಿದ್ದ ಅವರು, ಜಾಕಿ ಇಕ್ಸ್ ಅವರಂತಹ ನಿಜವಾದ ಚಾಲಕರನ್ನೂ ಕಥೆಯೊಳಕ್ಕೆ ತಂದರು.

1982ರಲ್ಲಿ ಮಗ ಫಿಲಿಪ್ ಜೊತೆ ಸ್ವಂತ ಪ್ರಕಾಶನ ಆರಂಭಿಸಿದ ಅವರು, 70 ಆಲ್ಬಮ್‌ಗಳ, ಅಂದರೆ ಕಾಮಿಕ್ಸ್ ಪುಸ್ತಕಗಳ, ನಂತರ 2004ರಲ್ಲಿ ನಿವೃತ್ತರಾದರು. 2012ರಿಂದ ಹೊಸ ಕಲಾವಿದರು ಮಿಶೆಲ್ ವಯಾಂನನ್ನು ಮುಂದುವರಿಸಿದ್ದಾರೆ. 2021ರ ಜನವರಿ 21ರಂದು, 97ರ ವಯಸ್ಸಿನಲ್ಲಿ ಗ್ರಾತೋಂ ಬ್ರಸೆಲ್ಸ್‌ನಲ್ಲಿ ತೀರಿಕೊಂಡರು.

ಆ ಸುದ್ದಿ ಓದಿದ ಸಂಜೆ ಪುಸ್ತಕವನ್ನು ಅಪ್ಪನ ಕೈಗಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಒಂದೊಂದೇ ಪುಟ ತಿರುವಿ, ಕಾರ್ಖಾನೆಯ ಚಿತ್ರವಿದ್ದ ಪುಟದಲ್ಲಿ ಬೆರಳಿಟ್ಟು ಬಹಳ ಹೊತ್ತು ನೋಡಿದರು. "ಈ ಫ್ಯಾಕ್ಟ್ರಿ ಈಗ್ಲೂ ನಡೀತಿದ್ಯೇನೋ?" ಎಂದು ಕೇಳಿದರು.

"ನಡೀತಿದೆ ಅಪ್ಪಾ" ಎಂದೆ.