ಗ್ಯಾದರಿಂಗ್ ಪಟ್ಟಿ

ಶನಿವಾರ, 17 ಜನೆವರಿ 2026

ಇವತ್ತು ಸಂಭ್ರಮ ಶನಿವಾರ, ಬ್ಯಾಗಿಲ್ಲದ ದಿನ. ಕೈ ಖಾಲಿ ಇರುವ ಹುಡುಗರು ಏನೇನು ಮಾಡುತ್ತಾರೆ ಅಂತ ಸಾಲಿಯಲ್ಲಿ ಇದ್ದವರಿಗಷ್ಟೇ ಗೊತ್ತು. ಎಲ್ಲರ ಕಿಸೆಯಲ್ಲೂ ಸಂಕ್ರಾಂತಿಯ ಕುಸುರೆಳ್ಳು ಬೇರೆ. ಕೊಟ್ಟದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ನನ್ನ ಹಲ್ಲುನೋವು ಮತ್ತೆ ಶುರುವಾಗಿದೆ.

ನಾಲ್ಕನೆಯ ವರ್ಗದವರಿಗೆ ತಾಳ ಹೇಳಿಕೊಟ್ಟೆ. ದಾದರಾ ತಾಳಕ್ಕೆ ಆರು ಮಾತ್ರೆ, ಅಂದರೆ ಆರು ಎಣಿಕೆ, ಕೆಹರವಾಕ್ಕೆ ಎಂಟು. ದಾದರಾದ ನಾಲ್ಕನೆಯ ಮಾತ್ರೆ ಖಾಲಿ, ಅಲ್ಲಿ ಚಪ್ಪಾಳೆ ಇಲ್ಲ, ಕೈ ಬೀಸಬೇಕು. ಯಾರಿಗೂ ತಡೆದುಕೊಳ್ಳಲು ಆಗುವುದಿಲ್ಲ, ಹೊಡೆದೇಬಿಡುತ್ತಾರೆ. "ಅಕ್ಕಾರ, ಅದೊಂದನ್ನ ಯಾಕ್ರಿ ಬಿಡೂದು, ಅದೇನ್ ಪಾಪ ಮಾಡೇತಿ?" ಅಂದಳು ಮುಂದಿನ ಸಾಲಿನ ಹುಡುಗಿ. ಸಣ್ಯಾ ಮಾತ್ರ ಒಂದು ಸಲವೂ ತಪ್ಪಲಿಲ್ಲ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಜೋರಾಗಿ ಹಾಡು ಹಚ್ಚಿಕೊಂಡು ಹೋಯಿತು, ಇಡೀ ವರ್ಗದ ಹೆಗಲು ಕುಣಿಯತೊಡಗಿದವು. ಬೈಯಲಿಲ್ಲ. ಅದೂ ಕೆಹರವಾನೇ, ಎಣಿಸ್ರಿ ಅಂದೆ.

ಸಾಲಿ ಬಿಡುವ ಹೊತ್ತಿಗೆ ಸಣ್ಯಾನ ಅಪ್ಪ ಬಂದ. ಗೋವಾದಲ್ಲಿ ಗೌಂಡಿ ಕೆಲಸ, ಹಬ್ಬಕ್ಕೆ ಊರಿಗೆ ಬಂದಿದ್ದಾನೆ. ಅವರ ಮನೆಯ ಹಲಗಿ, ಅದೇ ತೊಗಲಿನ ವಾದ್ಯ, ತರಲು ಹೇಳಿ ಕಳಿಸಿದ್ದೆವು, ಬರಿಗೈಲಿ ಬಂದಿದ್ದ.

ಈ ಸಲದ ಗ್ಯಾದರಿಂಗ್, ಅಂದರೆ ಸಾಲಿಯ ವಾರ್ಷಿಕೋತ್ಸವದ ಪಟ್ಟಿ ನಿಮಗೂ ಗೊತ್ತಿರಲಿ. ಅತಿಥಿಗಳನ್ನು ಗೇಟಿನಿಂದ ಕರೆತರಲು ಹಲಗಿ ಮೇಳ, ಅದಕ್ಕೆ ಸಣ್ಯಾ ಮತ್ತು ಅವರ ಓಣಿಯ ಹುಡುಗರು. ಸ್ಟೇಜಿನ ಮೇಲೆ ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತದ ಒಂದು ತುಣುಕು: ನಾರದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಸಿಟ್ಟಾಗುತ್ತಾಳೆ. (ಹುಡುಗಿಯರು ಜಗಳಾಡುವುದು ಸತ್ಯಭಾಮೆಗಾಗಿ. ಬೈಗುಳವೆಲ್ಲ ಅವಳಿಗೇ ಇದೆ, ಹೂ ಯಾರಿಗೆ ಬೇಕು!) ಪೇಟಿಗೆ (ಹಾರ್ಮೋನಿಯಂಗೆ) ಸಾವಕಾರರ ಹುಡುಗ.

"ಬಾರ್ಸೂದು ಬ್ಯಾಡ ಅನ್ನಾಕ ಬಂದಿಲ್ರಿ ಅಕ್ಕಾರ. ಅವನ ಕೈ ಚೊಲೋ ಐತಿ, ನನಗೂ ಗೊತ್ತೈತಿ. ಆದ್ರ ಹಲಗಿ ಗೇಟಿನ ಹೊರಗ, ಪೇಟಿ ಸ್ಟೇಜಿನ ಮ್ಯಾಲ. ಹಿಂಗ್ಯಾಕ್ರಿ?" ಅಂದ ಸಣ್ಯಾನ ಅಪ್ಪ.

ಹಲಗಿ ನಮ್ಮ ಮಣ್ಣಿನ ವಾದ್ಯ ಅಂದೆ. ಬಾಗಲಕೋಟೆಯ ಹೋಳಿಯನ್ನೇ ನೋಡು, ಕಿಲ್ಲಾದಿಂದ ವೆಂಕಟಪೇಟೆಯವರೆಗೆ ಎಲ್ಲ ಜಾತಿಯವರೂ ಹೆಗಲಿಗೆ ಹಾಕಿಕೊಂಡು ಬಡೀತಾರೆ, ವೇಷ ಹಾಕಿದವರ ಸೋಗಿನ ಬಂಡಿ ಬಂದರೆ ದೊಡ್ಡ ದೊಡ್ಡವರ ಮಕ್ಕಳೂ ನಿಲ್ಲೋದಿಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡ.

"ಖರೇರಿ. ಹೋಳಿ ಮುಗದ ಮ್ಯಾಲ ಆ ಹಲಗಿ ಯಾರ ಮನಿ ಗೂಟಕ್ಕ ಇರ್ತೈತ್ರಿ?"

ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ: "ಸತ್ರ ಕರೀತಾರ. ಡಂಗುರ ಸಾರೂದಿದ್ರ ಕರೀತಾರ. ನೀವು ಗ್ಯಾದರಿಂಗಿಗೆ ಕರದೀರಿ, ಸಂತೋಷ. ಒಂದ್ ಕೆಲಸ ಮಾಡ್ರಿ, ನನ್ನ ಮಗನ ಕೈಯಾಗ ಪೇಟಿ ಕೊಡ್ರಿ. ಹಲಗಿ ಸಾವಕಾರರ ಹುಡುಗಗ ಕೊಡ್ರಿ. ಗೋವಾಕ್ಕ ಹೋಗೂ ಮೊದಲ ನಾನ ಬಂದು ಕಲಸ್ತೀನಿ."

ಆಮೇಲೆ ಮಾಸ್ತರನೇ ಆಗಿಬಿಟ್ಟ. ಎಡಗೈಯಲ್ಲಿ ಉದ್ದನೆಯ ಸಣ್ಣ ಕಡ್ಡಿ, ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು. ತೊಗಲು ಬಿಗಿಯಾಗುವ ತನಕ ಬೆಂಕಿಗೆ ಹಿಡಿದು ಕಾಸಬೇಕು, ಥಂಡಿ ಹಲಗಿ ಮಾತಾಡೋದಿಲ್ಲ. ಈಗಿನ ಫೈಬರ್ ಹಲಗಿಗೆ ಕಾಸುವ ಕೆಲಸವಿಲ್ಲ, "ಅದಕ್ಕ ಹುಡುಗೂರಿಗೆ ಕಾಯೂದು ಗೊತ್ತಿಲ್ರಿ". ಹೇಳುತ್ತಾ ಹೇಳುತ್ತಾ ನನ್ನ ಟೇಬಲ್ ಮೇಲೆ ಎರಡೂ ಕೈ ಆಡಿಸಿದ. ಕಿಟಕಿಯ ತುಂಬ ಹುಡುಗರ ಮುಖ. ಸಣ್ಯಾ ಮಾತ್ರ ನಾಚಿಕೊಂಡು ನಲ್ಲಿಯ ಹತ್ತಿರ ನಿಂತಿದ್ದ.

ಗ್ಯಾಸ್ ಮುಗಿದಿದೆ. ರಾತ್ರಿಗೆ ಮಂಡಕ್ಕಿ ಒಗ್ಗರಣೆಯೂ ಇಲ್ಲ, ಹಾಗೇ ಮೊಸರು ಹಾಕಿಕೊಂಡು ತಿಂದೆವು.

ಸಂಗೀತ, ನೃತ್ಯ, ನಾಟಕ, ಚಿತ್ರಕಲೆ ನಾಲ್ಕೂ ಸಾಲಿಯಲ್ಲಿ ವಿಷಯವಾಗಿಯೇ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಇರಲಿ. ನಮ್ಮಲ್ಲಿ ಸಂಗೀತಕ್ಕೆ ಅಂತ ಶಿಕ್ಷಕರಿಲ್ಲ, ಕನ್ನಡ ಕಲಿಸುವ ನಾನೇ ಎಲ್ಲ. ಸಾಲಿ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಂದಾಗ ಒಂದು ವಾರ, ಗ್ಯಾದರಿಂಗಿಗೆ ಎರಡು ವಾರ. ಇಷ್ಟು ಅವಸರದಲ್ಲಿ ಕಲಿಸುವುದು ಎಲ್ಲಿಂದ ಬಂತು, ಮನೆಯಿಂದ ಕಲಿತು ಬಂದವರನ್ನು ಆರಿಸುವುದಷ್ಟೇ. ಪೇಟಿ ಇದ್ದ ಮನೆಯವನಿಗೆ ಪೇಟಿ, ಹಲಗಿ ಇದ್ದ ಮನೆಯವನಿಗೆ ಹಲಗಿ. ಪಟ್ಟಿ ತಾನಾಗಿಯೇ ತಯಾರಾಗುತ್ತದೆ, ಯಾರೂ ಬರೆಯಬೇಕಾಗಿಲ್ಲ. ಪಾರಿಜಾತದಲ್ಲಿ ಗಂಡಸರೇ ಸೀರೆ ಉಟ್ಟು ಭಾಮೆಯಾಗುತ್ತಿದ್ದ ಕಾಲವಿತ್ತು. ಕೌಜಲಗಿ ನಿಂಗಮ್ಮ ಎಂಬ ಹೆಣ್ಣುಮಗಳು ಆ ಆಟಕ್ಕೆ ಬಂದಾಗ ಯಾವ ಪಟ್ಟಿಯಲ್ಲಿ ಅವಳ ಹೆಸರಿತ್ತು?

ಮುಖ್ಯ ಗುರುಗಳಿಗೆ ಫೋನ್ ಮಾಡಿದೆ. "ಮಾಡೂಣ ಬಿಡ್ರಿ, ಆದ್ರ ಸಾವಕಾರರ ಮನಿಗೆ ನೀವ ಹೇಳ್ಬೇಕ ನೋಡ್ರಿ" ಅಂದರು. ಸಾಲಿಗೆ ಪೇಟಿ ಕೊಡಿಸಿದ್ದು ಅದೇ ಮನೆ.

ನಮ್ಮ ಮನೆಯವರು ಒಂದು ಉಪಾಯ ಹೇಳಿದರು: "ಹೋಳಿ ಇನ್ನ ಒಂದೂವರಿ ತಿಂಗಳೈತಿ, ಈಗಿಂದ ಹುಡುಗಗ ಹಲಗಿ ರೂಢಿ ಆಗ್ಲಿ ಅಂತ ಹೇಳು, ಖುಷಿಯಿಂದ ಒಪ್ತಾರ." ಒಪ್ಪುತ್ತಾರೆ, ಅನುಮಾನವಿಲ್ಲ. ಆದರೆ ಹೋಳಿಯ ಹೆಸರು ಹೇಳಿ ಕೊಟ್ಟರೆ ಅದು ಹೋಳಿಯ ಹಲಗಿಯೇ ಆಯಿತಲ್ಲ, ಸಣ್ಯಾನ ಅಪ್ಪ ಕೇಳಿದ್ದು ಅದಲ್ಲ. ಹೋಳಿಯ ಹೆಸರೆತ್ತದೆ ಸೀದಾ ಹೋಗಿ ಹೇಳಬೇಕು ಅಂದರೆ, ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಹೋಗಬೇಕು.