ವೇಳಾಪಟ್ಟಿ ಹಿಡಿದು ಕ್ರೋಕ್ ಪಾರ್ಕ್‌ಗೆ

2025ರ ಜುಲೈ 20, ಭಾನುವಾರ. ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಕೋಲಿನಿಂದ ಚೆಂಡು ಬಾರಿಸುವ ಐರಿಷ್ ಆಟ ಹರ್ಲಿಂಗ್‌ನ ಅಖಿಲ ಐರ್ಲೆಂಡ್ ಫೈನಲ್. ಮಧ್ಯಂತರದ ಸೀಟಿ ಬಿದ್ದಾಗ ಫಲಕದ ಮೇಲೆ ಇದ್ದದ್ದು ಕಾರ್ಕ್ 1-16, ಟಿಪ್ಪರರಿ 0-13. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟು. ಅಡ್ಡಪಟ್ಟಿಯ ಕೆಳಗೆ ಬಲೆ ಸೇರಿದ ಚೆಂಡಿಗೆ ಮೂರು, ಅದರ ಮೇಲಿಂದ ಎರಡು ಕಂಬದ ನಡುವೆ ಹಾರಿದರೆ ಒಂದು. ಲೆಕ್ಕ ಹಾಕಿದರೆ ಕಾರ್ಕ್ 19, ಟಿಪ್ 13. ವಿರಾಮಕ್ಕೆ ಸ್ವಲ್ಪ ಮೊದಲು ಶೇನ್ ಬ್ಯಾರೆಟ್ ಹೊಡೆದ ಗೋಲೇ ಅಂತರವನ್ನು ಆರಕ್ಕೆ ಒಯ್ದದ್ದು. ಕೆಂಪಂಗಿಯ ಕಾರ್ಕ್‌ನವರು ಆಗಲೇ ಹಾಡು ಶುರು ಮಾಡಿದ್ದರು.

ಅವರನ್ನು ಬೈಯುವಂತಿರಲಿಲ್ಲ. ಕಾರ್ಕ್ ಕೊನೆಯ ಸಲ ಲೀಮ್ ಮೆಕಾರ್ಥಿ ಕಪ್ ಎತ್ತಿದ್ದು 2005ರಲ್ಲಿ. ಆಮೇಲೆ 2006, 2013, 2021, 2024ರ ಫೈನಲ್‌ಗಳಲ್ಲಿ ಸೋಲು. 2024ರಲ್ಲಂತೂ ಹೆಚ್ಚುವರಿ ಸಮಯದವರೆಗೆ ಹೋಗಿ, ಕ್ಲೇರ್ ಎದುರು ಒಂದೇ ಒಂದು ಪಾಯಿಂಟ್‌ನಿಂದ. ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಕಾದು, ಆ ವರ್ಷವೇ ಜೂನ್ 3ರಂದು ಕಪ್ ಕಂಡ ಆರ್‌ಸಿಬಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಹೊತ್ತಿಗೆ ಹಾಡಿಗಿಂತ ಕೈಯಲ್ಲಿದ್ದ ವೇಳಾಪಟ್ಟಿ ಹೆಚ್ಚು ಮಾತಾಡುತ್ತಿತ್ತು. ಹರ್ಲಿಂಗ್‌ನಲ್ಲಿ ಯಾರಿಗೆ ಎಷ್ಟು ಅವಕಾಶ ಎಂದು ಅಳೆಯುವಾಗ ಜನ ಹಿಂದಿನ ಪಂದ್ಯದ ಸ್ಕೋರ್ ನೋಡುತ್ತಾರೆ. ನೋಡಬೇಕಾದ್ದು ಯಾವ ತಂಡ ಯಾವ ದಾರಿಯಲ್ಲಿ ಬಂತು, ಮಧ್ಯೆ ಎಷ್ಟು ವಾರ ಖಾಲಿ ಕೂತಿತ್ತು ಎಂಬುದನ್ನೂ.

ದಾರಿ ಹೀಗಿದೆ. ಮನ್‌ಸ್ಟರ್ ಪ್ರಾಂತ್ಯದಲ್ಲಿ ಐದು ಕೌಂಟಿಗಳು: ಕಾರ್ಕ್, ಟಿಪ್ಪರರಿ, ಲಿಮರಿಕ್, ಕ್ಲೇರ್, ವಾಟರ್‌ಫರ್ಡ್. ಲೆನ್‌ಸ್ಟರ್‌ನಲ್ಲಿ ಆರು. ಎರಡೂ ಕಡೆ ಪ್ರತಿ ತಂಡ ಉಳಿದ ಎಲ್ಲರ ಎದುರೂ ಒಮ್ಮೆ ಆಡಬೇಕು. ಗೆದ್ದರೆ ಪಟ್ಟಿಯಲ್ಲಿ ಎರಡು ಅಂಕ, ಸಮವಾದರೆ ಒಂದು. ಮೊದಲ ಇಬ್ಬರು ಪ್ರಾಂತ್ಯದ ಫೈನಲ್ ಆಡುತ್ತಾರೆ. ಅಲ್ಲಿ ಗೆದ್ದವರು ನೇರ ಸೆಮಿಫೈನಲ್‌ಗೆ, ಸೋತವರು ಕ್ವಾರ್ಟರ್ ಫೈನಲ್‌ಗೆ. 2025ರಲ್ಲಿ ಮೂರನೆಯವರು ಎರಡನೇ ದರ್ಜೆಯ ಜೋ ಮೆಕ್‌ಡೊನಾ ಕಪ್‌ನ ಫೈನಲಿಸ್ಟ್ ಒಬ್ಬರನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಬೇಕಿತ್ತು. ನಾಲ್ಕನೆಯವರಿಗೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಹಿಂದೆ ಫೈನಲ್ ಸೆಪ್ಟೆಂಬರ್‌ನ ಮೊದಲ ಭಾನುವಾರ ಇರುತ್ತಿತ್ತು. ಈಗ ಕೌಂಟಿಗಳ ಆಟ ಜುಲೈಗೇ ಮುಗಿದು, ಉಳಿದ ವರ್ಷ ಕ್ಲಬ್ಬುಗಳಿಗೆ. ಹಾಗಾಗಿ ಪ್ರಾಂತ್ಯದ ಸುತ್ತೆಲ್ಲ ಏಪ್ರಿಲ್ ಮೂರನೇ ವಾರದಿಂದ ಮೇ ಕೊನೆಯೊಳಗೆ ತುರುಕಿಬಿಟ್ಟಿದ್ದಾರೆ. ಮನ್‌ಸ್ಟರ್‌ನಲ್ಲಿ ತಂಡಕ್ಕೆ ನಾಲ್ಕೇ ಪಂದ್ಯ, ಎರಡು ತವರಲ್ಲಿ, ಎರಡು ಹೊರಗೆ. ಐದು ತಂಡವಾದ್ದರಿಂದ ಪ್ರತಿ ಸುತ್ತಲ್ಲೂ ಒಬ್ಬರಿಗೆ ಬಿಡುವು. ಆ ಬಿಡುವು ಯಾವಾಗ ಬೀಳುತ್ತದೆ ಅನ್ನುವುದೇ ಅರ್ಧ ಹಣೆಬರಹ. ಒಬ್ಬ ಆಟಗಾರನ ತೊಡೆಯ ಹಿಂಭಾಗದ ಸ್ನಾಯು ಹಿಡಿದುಕೊಂಡರೆ ಮೂರು ವಾರ ಹೋಯಿತು, ಅಂದರೆ ಸುತ್ತಿನ ಅರ್ಧಕ್ಕೂ ಹೆಚ್ಚು ಪಾಲು ಹೋಯಿತು.

ಸುತ್ತು ಎಷ್ಟು ಬಿಗಿ ಅಂದರೆ, 2024ರ ಚಾಂಪಿಯನ್ ಕ್ಲೇರ್ 2025ರಲ್ಲಿ ಮನ್‌ಸ್ಟರ್ ದಾಟಿ ಹೊರಗೇ ಬರಲಿಲ್ಲ. ವಾಟರ್‌ಫರ್ಡ್ ಕಥೆ ಇನ್ನೂ ಬೇಜಾರಿನದು. 2018ರಲ್ಲಿ ಈ ಪದ್ಧತಿ ಬಂದ ಮೇಲೆ 2025ರವರೆಗೆ ಒಮ್ಮೆಯೂ ಈ ಸುತ್ತಿನ ಮೊದಲ ಮೂರರೊಳಗೆ ಅವರಿಲ್ಲ. ಲೆನ್‌ಸ್ಟರ್‌ನಲ್ಲಿ ಇಷ್ಟು ಇಕ್ಕಟ್ಟಿಲ್ಲ. ಕಿಲ್‌ಕೆನಿ 2025ರಲ್ಲಿ ಗಾಲ್ವೇಯನ್ನು ಸೋಲಿಸಿ ಸತತ ಆರನೇ ಸಲ ಪ್ರಾಂತ್ಯ ಗೆದ್ದಿತು. ಆದರೂ 2015ರ ನಂತರ ದೊಡ್ಡ ಕಪ್ ಅವರಿಗೆ ದಕ್ಕಿಲ್ಲ. ಇವೆರಡನ್ನೂ ಜೋಡಿಸಿ ಓದಬೇಕು ಅನ್ನಿಸುತ್ತದೆ: ಸುಲಭದ ದಾರಿ ಸೆಮಿಫೈನಲ್‌ವರೆಗೆ ಕರೆದೊಯ್ಯುತ್ತದೆ, ಅಲ್ಲಿಂದಾಚೆಗೆ ಕೈ ಬಿಡುತ್ತದೆ.

ಈಗ ಟಿಪ್ಪರರಿಯ ಸಾಲು. 2024ರಲ್ಲಿ ಒಂದೂ ಗೆಲುವಿಲ್ಲದೆ ಮನ್‌ಸ್ಟರ್‌ನ ತಳದಲ್ಲಿ ಕೂತ ತಂಡ. 2025ರ ಏಪ್ರಿಲ್ 6ರಂದು, ಪ್ರಾಂತ್ಯದ ಸುತ್ತಿಗೂ ಮೊದಲು ನಡೆಯುವ ಬೇರೆ ಟೂರ್ನಿಯಾದ ಲೀಗ್‌ನ ಫೈನಲ್‌ನಲ್ಲಿ ಕಾರ್ಕ್ ಕೈಲಿ ಹತ್ತು ಪಾಯಿಂಟ್‌ಗಳ ಸೋಲು. ಏಪ್ರಿಲ್ 20ಕ್ಕೆ ಲಿಮರಿಕ್ ಎದುರು ಸಮ. ಏಪ್ರಿಲ್ 27ಕ್ಕೆ ಮತ್ತೆ ಕಾರ್ಕ್, ಅವರದೇ ಅಂಗಳದಲ್ಲಿ. ಆವತ್ತು ಚೆಂಡು ಎಸೆಯುವ ಮೊದಲೇ ಟಿಪ್‌ನ 19ರ ಹುಡುಗ ಡಾರಾ ಮೆಕಾರ್ಥಿಗೆ ಕೆಂಪು ಕಾರ್ಡು. ಹದಿನಾಲ್ಕು ಜನರಲ್ಲಿ 70 ನಿಮಿಷ ಓಡಿ, 4-27ಕ್ಕೆ 0-24ರ ಸೋಲು. ಆಮೇಲೆ ಕ್ಲೇರ್ ಮೇಲೆ ಮೂರರ ಗೆಲುವು, ವಾಟರ್‌ಫರ್ಡ್ ಮೇಲೆ ಇನ್ನೊಂದು. ಒಟ್ಟು ಐದು ಅಂಕ. ಕಾರ್ಕ್‌ಗೂ ಲಿಮರಿಕ್‌ಗೂ ಐದೇ. ಆದರೂ ಕಾರ್ಕ್ ಮೇಲೆ, ಟಿಪ್ ಮೂರನೆಯದು.

ಯಾಕೆಂದರೆ ಅಂಕ ಸಮವಾದಾಗ ಇಬ್ಬರೇ ಇದ್ದರೆ ಅವರವರ ನಡುವಿನ ಪಂದ್ಯ ನೋಡುತ್ತಾರೆ. ಮೂವರು ಅಥವಾ ಹೆಚ್ಚು ಇದ್ದರೆ ಒಟ್ಟು ಹೊಡೆದ ಸ್ಕೋರ್ ಮತ್ತು ಬಿಟ್ಟುಕೊಟ್ಟ ಸ್ಕೋರ್‌ಗಳ ವ್ಯತ್ಯಾಸ. ಐಪಿಎಲ್‌ನ ನೆಟ್ ರನ್ ರೇಟ್ ಹೋಲುತ್ತದೆ, ಆದರೆ ಇದು ನೇರ ಕೂಡು-ಕಳೆ, ಭಾಗಾಕಾರವಿಲ್ಲ. ನಾಲ್ಕೇ ಪಂದ್ಯದ ಸುತ್ತಿನಲ್ಲಿ ಒಂದು ದಿನ 15ರಿಂದ ಸೋತರೆ ಆ ಸಾಲ ತೀರಿಸಲು ಉಳಿದ ಮೂರೂ ಪಂದ್ಯ ಸಾಲದೆ ಹೋಗಬಹುದು. ಟಿಪ್‌ಗೆ ಆದದ್ದು ಅದೇ. ಸೋಲು ಖಚಿತವಾದ ಮೇಲೂ ಕೊನೆಯ ಐದು ನಿಮಿಷ ಪಾಯಿಂಟ್‌ಗಾಗಿ ಒದ್ದಾಡುವ ತಂಡ ಕಂಡರೆ ನಗಬಾರದು.

ಮೂರನೇ ಸ್ಥಾನಕ್ಕೆ ಸಿಕ್ಕ ಚೀಟಿ ಹೀಗಿತ್ತು: ಜೂನ್ 14ಕ್ಕೆ ಲೀಶ್ ಎದುರು 3-32, 0-18. ಜೂನ್ 21ಕ್ಕೆ ಗಾಲ್ವೇ ಎದುರು 1-28, 2-17. ಜುಲೈ 6ಕ್ಕೆ ಸೆಮಿಫೈನಲ್‌ನಲ್ಲಿ ಕಿಲ್‌ಕೆನಿ ಎದುರು 4-20, 0-30. ಮೂರನೆಯದನ್ನು ಕೂಡಿ ನೋಡಿ: 32ಕ್ಕೆ 30. ಹತ್ತು ಪಾಯಿಂಟ್ ಕಡಿಮೆ ಹೊಡೆದೂ ನಾಲ್ಕು ಗೋಲಿನ ಬಲದಲ್ಲಿ ಗೆಲುವು. ಕೊನೆಯ ಗಳಿಗೆಯಲ್ಲಿ ಫಲಕದಲ್ಲಿ ಟಿಪ್‌ಗೆ ಒಂದು ಪಾಯಿಂಟ್ ಹೆಚ್ಚಾಗಿ ಕಾಣುತ್ತಿದ್ದದ್ದು ಆಮೇಲೆ ಗೊತ್ತಾಯಿತು. ಎರಡರ ಅಂತರವಾದರೆ ಎರಡು ಪಾಯಿಂಟ್ ಹುಡುಕಬಹುದು, ಮೂರಾದರೆ ಗೋಲೇ ಬೇಕು. ಹಿಂದೆ ಬಿದ್ದ ತಂಡ ಆಡುವ ರೀತಿಯೇ ಆ ಒಂದು ಅಂಕಿಯಿಂದ ಬದಲಾಗುತ್ತದೆ.

ಆ ಸೆಮಿಫೈನಲ್‌ನಲ್ಲೂ ಮೆಕಾರ್ಥಿ ಹೊರಗೆ ಹೋಗಿದ್ದ. ಆದರೆ ಈ ಸಲ ಎರಡು ಹಳದಿಯಿಂದ. ನೇರ ಕೆಂಪಾದರೆ ಮುಂದಿನ ಪಂದ್ಯ ತಪ್ಪುತ್ತದೆ. ಎರಡು ಹಳದಿಯಾದರೆ ಆ ದಿನದ ಮಟ್ಟಿಗೆ ಮಾತ್ರ. ಹಾಗಾಗಿ ಫೈನಲ್‌ಗೆ ಅವನಿದ್ದ.

ಕಾರ್ಕ್‌ನದು ಬೇರೆ ದಾರಿ. ಜೂನ್ 7ರಂದು ಲಿಮರಿಕ್ ಮೇಲೆ ಪೆನಾಲ್ಟಿಗಳಲ್ಲಿ ಮನ್‌ಸ್ಟರ್ ಗೆದ್ದು, ನಾಲ್ಕು ವಾರ ಆಟವಿಲ್ಲದೆ ಕೂತು, ಜುಲೈ 5ಕ್ಕೆ ಡಬ್ಲಿನ್ ಎದುರು 7-26. ಏಳು ಗೋಲು! ಎಲ್ಲರ ಲೆಕ್ಕ ತಪ್ಪಿದ್ದು ಅಲ್ಲೇ. ಕ್ವಾರ್ಟರ್ ಫೈನಲ್‌ನಲ್ಲಿ ಹದಿನಾಲ್ಕು ಜನರಲ್ಲಿ ಲಿಮರಿಕ್ಕನ್ನು ಮಣಿಸಿ ಬಂದಿದ್ದ ಡಬ್ಲಿನ್, ಹಿಂದೆ ಜಾಗ ಬಿಟ್ಟು ಆಡಿತು. ಕಾರ್ಕ್‌ನ ಮುಂಚೂಣಿಯವರಿಗೆ ಬೇಕಾದ್ದು ಅದೇ ಜಾಗ. ಟಿಪ್ ತರಬೇತುದಾರ ಲೀಮ್ ಕಾಹಿಲ್ ಆ ಜಾಗವನ್ನೇ ಕೊಡಲಿಲ್ಲ. ಬ್ರಯನ್ ಒಮಾರನನ್ನು ಏಳನೇ ರಕ್ಷಕನಾಗಿ ಹಿಂದೆ ನಿಲ್ಲಿಸಿದ. ಮುಂದೆ ಒಬ್ಬ ಕಡಿಮೆ, ಅಂದರೆ ಎದುರಾಳಿಯ ಒಬ್ಬ ರಕ್ಷಕ ಬಿಡುವಾಗಿರುತ್ತಾನೆ. ಆ ದಂಡ ಕಟ್ಟಲೇಬೇಕು. ಮೊದಲರ್ಧದಲ್ಲಿ ಕಟ್ಟಿದರು. ಎರಡನೇ ಅರ್ಧದಲ್ಲಿ ಕಾರ್ಕ್ ಉದ್ದ ಚೆಂಡು ಹಾಕಿದಾಗಲೆಲ್ಲ ಅದು ಬೀಳುವ ಕಡೆ ನೀಲಿ ಅಂಗಿಯೊಂದು ಮೊದಲೇ ನಿಂತಿರುತ್ತಿತ್ತು.

ಆರರ ಅಂತರ ಹರ್ಲಿಂಗ್‌ನಲ್ಲಿ ಎರಡು ಗೋಲು, ಅಷ್ಟೇ. ಜಾನ್ ಮೆಗ್ರಾ ಒಂದು ಹೊಡೆದ. ಆಮೇಲೆ ಅವನನ್ನು ಎಳೆದದ್ದಕ್ಕೆ ಕಾರ್ಕ್‌ನ ಓಯಿನ್ ಡೌನಿಗೆ ಎರಡನೇ ಹಳದಿ, ಜೊತೆಗೆ ಪೆನಾಲ್ಟಿ. ಮೆಕಾರ್ಥಿ ಅದನ್ನು ಬಲೆಗೆ ಸೇರಿಸಿದ. ಸ್ವಲ್ಪದರಲ್ಲೇ ಮೆಗ್ರಾನ ಇನ್ನೊಂದು. ಸಾವಿರಾರು ಬಾಯಿ ಒಟ್ಟಿಗೆ ಮುಚ್ಚಿದಾಗ ಕ್ರೀಡಾಂಗಣದ ಶಬ್ದ ಹೇಗಿರುತ್ತದೆ ಎನ್ನುವುದು ಹಿಲ್ 16ರ ಮೆಟ್ಟಿಲ ಮೇಲೆ ನಿಂತವರಿಗೆ ಗೊತ್ತಾಯಿತು.

ಕಾರ್ಕ್‌ಗೂ ಒಂದು ಪೆನಾಲ್ಟಿ ಸಿಕ್ಕಿತು. ಹರ್ಲಿಂಗ್‌ನ ಪೆನಾಲ್ಟಿಯಲ್ಲಿ ಗೆರೆಯ ಮೇಲೆ ಗೋಲಿ ಒಬ್ಬನೇ. ಹೊಡೆಯುವವ 20 ಮೀಟರ್ ಗೆರೆಯ ಹಿಂದೆ ನೆಲದಲ್ಲಿರುವ ಚೆಂಡನ್ನು ಹರ್ಲಿ ಎಂಬ ಕೋಲಿನ ಅಗಲ ತುದಿಯಿಂದ ಎಬ್ಬಿಸಿ, ಅದು ಗೆರೆ ದಾಟುವ ಮೊದಲೇ ಬಾರಿಸಬೇಕು. ಚಿನ್ನಿ ದಾಂಡು ಆಡಿದವರಿಗೆ ಈ ಎಬ್ಬಿಸುವ ಗಳಿಗೆಯ ಕಷ್ಟ ಗೊತ್ತು: ಎತ್ತರ ಕೊಂಚ ಹೆಚ್ಚಾದರೂ ಏಟಿನ ಬಿರುಸು ಹೋಯಿತು. ಚೆಂಡಿನ ತೂಕ 110ರಿಂದ 120 ಗ್ರಾಂ, ಗೋಲಿನ ಅಗಲ ಆರೂವರೆ ಮೀಟರ್. ಕಾನರ್ ಲೆಹೇನ್ ಎಬ್ಬಿಸಿ ಬಾರಿಸಿದ, ರೀಸ್ ಶೆಲಿ ತಡೆದ. ಅಲ್ಲಿಗೆ ಜನ ಎದ್ದು ಬಾಗಿಲ ಕಡೆ ನಡೆದರು.

ಎರಡನೇ ಅರ್ಧದಲ್ಲಿ ಟಿಪ್ 3-14, ಕಾರ್ಕ್ 0-2. ಮೂವತ್ತೈದು ನಿಮಿಷ ಮತ್ತು ಮೇಲಿನ ಸಮಯದಲ್ಲಿ ಎರಡೇ ಪಾಯಿಂಟ್, ಅದೂ ಹದಿನೈದು ದಿನದ ಹಿಂದೆ ಏಳು ಗೋಲು ಹೊಡೆದವರದು. ಮೆಕಾರ್ಥಿಯ ಲೆಕ್ಕಕ್ಕೆ 1-13. ಟಿಪ್ಪರರಿಗೆ 29ನೇ ಕಪ್.

ಕೊನೆಯ ಸ್ಕೋರ್ 3-27, 1-18. ಪಟ್ಟಿಯ ಅಂಚಿನಲ್ಲಿ ಕೂಡಿ ಕಳೆದಾಗ ಬಂದದ್ದು 15. ಮೇಲಿನ ಸಾಲಲ್ಲಿ ಏಪ್ರಿಲ್ 27ರ ಪಕ್ಕದಲ್ಲೂ ಅದೇ ಅಂಕಿ ಇತ್ತು.