17ನೇ ಇಲಿ

"ಅವರು ರಿಟೈರ್ ಆಗಿ ಎರಡು ವರ್ಷ ಆಯ್ತಲ್ಲ?"

ಸಂಶೋಧನೆಯ ದುಡ್ಡಿನ ಅರ್ಜಿಗಳನ್ನು ನೋಡುವ ಗ್ರಾಂಟ್ಸ್ ಆಫೀಸಿನ ಹೆಂಗಸು ಇಷ್ಟೇ ಕೇಳಿದ್ದು. ಮಂಗಳವಾರದಿಂದ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿದೆ.

ಪಿಎಚ್‌ಡಿ ಮುಗಿಸಿ ಅಮೆರಿಕದಲ್ಲಿ ಪೋಸ್ಟ್‌ಡಾಕ್ ಸಂಶೋಧನೆ ಮಾಡುವವರಿಗೆ ಗೊತ್ತು. ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಫೆಲೋಶಿಪ್‌ಗೆ ವಿಜ್ಞಾನವೆಲ್ಲ ಬರೆದು ಮುಗಿಸಿದ ಮೇಲೂ ಒಂದು ಪುಟ ಬಾಕಿ ಇರುತ್ತದೆ: ಸಂಶೋಧನೆಯನ್ನು ಪ್ರಾಮಾಣಿಕವಾಗಿ ಮಾಡುವುದನ್ನು ಹೇಗೆ ಕಲಿಯುತ್ತೀರಿ? ಕನಿಷ್ಠ 8 ಗಂಟೆಯ ತರಗತಿ. 4 ವರ್ಷಕ್ಕೊಮ್ಮೆಯಾದರೂ ಮತ್ತೆ. ಬರೀ ಆನ್‌ಲೈನ್‌ನಲ್ಲಿ ಕ್ಲಿಕ್ ಮಾಡಿದರೆ ಸಾಲದು. ಪಾಠ ಮಾಡುವವರು ಯಾರು ಅಂತಲೂ ಹೇಳಬೇಕು.

ಧಾರವಾಡದ ಸೀನಿಯರ್ ಅಕ್ಕ ತಮ್ಮ ಹಳೇ ಅರ್ಜಿ ಕಳಿಸಿದ್ದರು. "ತಗೋ ತಂಗಿ, ಹೆಸರು ಬದಲ್ ಮಾಡಿದ್ರ ಸಾಕು." ಮಾಡಿದೆ. ಅದರಲ್ಲಿದ್ದ ಪಾಠದ ಮೇಷ್ಟ್ರ ಹೆಸರು ಮಾತ್ರ ಹಾಗೇ ಉಳಿಯಿತು. ಕೃತಿಚೌರ್ಯದ ಬಗ್ಗೆ ಚರ್ಚಿಸುತ್ತೇವೆ ಎಂಬ ಸಾಲನ್ನೂ ಎತ್ತಿ ಅಂಟಿಸಿದ್ದೆ!

ಗ್ರಾಂಟ್ಸ್ ಆಫೀಸಿನಾಕೆ ಬೈಯಲಿಲ್ಲ, ನಗಲೂ ಇಲ್ಲ. ನನಗೆ ಆಕೆಯನ್ನು ಕಂಡರೆ ಅಷ್ಟಕ್ಕಷ್ಟೇ. ಒಂದು ಅಲ್ಪವಿರಾಮಕ್ಕೂ ಈಮೇಲ್ ಕಳಿಸುವವರು. ಆದರೆ ಆ ಪುಟವನ್ನು ನಿಜಕ್ಕೂ ಓದಿದ್ದು ಇಡೀ ಕಟ್ಟಡದಲ್ಲಿ ಅವರೊಬ್ಬರೇ. ಬಾಸ್ ಸುಮ್ನೆ ಪಿಡಿಎಫ್ ತೆರೆದು "ಗುಡ್" ಅಂದಿದ್ದರು.

ರಾತ್ರಿ ಹೊಸದಾಗಿ ಬರೆಯಲು ಕೂತೆ. ಬಾಸ್ ನನಗೆ ಏನು ಕಲಿಸುತ್ತಾರೆ ಅಂತ ಒಂದು ಪ್ಯಾರಾ ಬೇಕಿತ್ತು. ನೆನಪಾಗಿದ್ದು 17ನೇ ಇಲಿ. ಹೋದ ತಿಂಗಳು ಔಷಧಿ ಕೊಟ್ಟರೂ ಅದೊಂದರ ಗಡ್ಡೆ ಕರಗಲಿಲ್ಲ. "ಅದಕ್ಕೆ ಮೊದಲೇ ಹುಷಾರಿರಲಿಲ್ಲ ಅನ್ಸತ್ತೆ, ಬಿಡು" ಅಂದರು. ಲೆಕ್ಕದಿಂದ ಬಿಟ್ಟೆ. ಗ್ರಾಫ್ ಚೆನ್ನಾಗಿ ಬಂತು.

ಅದೇ ಅರ್ಜಿಯಲ್ಲಿ ಬರೆದಿದ್ದೇನೆ: ಇಲಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪಿಗೆ ಹಾಕುತ್ತೇವೆ, ಅಳೆಯುವವರಿಗೆ ಗುಂಪು ಗೊತ್ತಿರುವುದಿಲ್ಲ, ಗಂಡು ಹೆಣ್ಣು ಎರಡೂ ಇರುತ್ತವೆ. ಎಲ್ಲ ನಿಜ. ಯಾವ ಇಲಿಯನ್ನು ಯಾವ ಕಾರಣಕ್ಕೆ ಕೈಬಿಡಬಹುದು ಅಂತ ಮೊದಲೇ ಬರೆದಿಟ್ಟಿರಲಿಲ್ಲ, ಅಷ್ಟೇ.

ಬಾಸ್ ಕೆಟ್ಟವರಲ್ಲ. ಊರಲ್ಲಿ ಅಪ್ಪ ಆಸ್ಪತ್ರೆ ಸೇರಿದಾಗ ಟಿಕೆಟ್ಟಿಗೆ ಕೈಯಿಂದ ದುಡ್ಡು ಕೊಟ್ಟವರು. ಅದಕ್ಕೇ ಕಷ್ಟ. ತರಗತಿಯಲ್ಲಿ ಸುಳ್ಳು ಅಂಕಿ ಹುಟ್ಟಿಸಿದವರ ಕಥೆ ಹೇಳುತ್ತಾರೆ. ನಾವ್ಯಾರೂ ಅಂಥವರಲ್ಲ ಅಲ್ವಾ ಅಂತ ನೆಮ್ಮದಿಯಿಂದ ಎದ್ದು ಬರುತ್ತೇವೆ. ಒಳ್ಳೆಯವರೇ "ಬಿಡು" ಅಂದರೆ ಏನು ಮಾಡಬೇಕು ಅಂತ ಯಾವ ಗಂಟೆಯಲ್ಲಿ ಹೇಳಿಕೊಡುತ್ತಾರೆ?

ಆ ಪ್ಯಾರಾ ಇನ್ನೂ ಖಾಲಿ ಇದೆ. ನಿನ್ನೆ ಬಾಸ್‌ಗೆ ಮೇಲ್ ಮಾಡಿದೆ: "17ನೇ ಇಲಿ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿತ್ತು." ಉತ್ತರ ಬಂದಿಲ್ಲ. ಗ್ರಾಂಟ್ಸ್ ಆಫೀಸಿನಿಂದ ಮಾತ್ರ ಬೆಳಗ್ಗೆಯೇ ಒಂದು ಬಂದಿದೆ. ಎರಡನೇ ಪುಟ, ನಾಲ್ಕನೇ ಸಾಲು, ಅಲ್ಪವಿರಾಮ.